ಊಟದ ನಂತರದ ಮೊದಲ ಟೈರು

ಕಂಪನಿಯಲ್ಲಿ ಎಲ್ಲರೂ ಆಕೆಗೆ ಇಟ್ಟ ಹೆಸರು ಯಾಕಮ್ಮ. ಬಾಯಿ ತೆರೆದರೆ ‘ಯಾಕೆ?’ “ಕುಕ್ಕರ್ ಕೂಗಿದ್ರೆ ಯಾಕೆ ಕೂಗ್ತು ಅಂತ ಕೇಳ್ತಾಳೆ, ಇಳಿಸೋಳು ಮಾತ್ರ ನಾನು,” ಎಂದು ಅತ್ತೆಯ ತಕರಾರು. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆಗಳಿಗೆ ಕರ್ನಲ್ ಬರೆಯುವುದು, ಅಂದರೆ ಮಿಕ್ಕ ಪ್ರೋಗ್ರಾಂಗಳಿಗೆ ಕೆಲಸ ಹಂಚುವ ಮೂಲ ಪ್ರೋಗ್ರಾಂ ಬರೆಯುವುದು ಆಕೆಯ ಕೆಲಸ.

ಸವೆದ ಟೈರುಗಳಿಗೆ ಹೊಸ ರಬ್ಬರ್ ಕೂರಿಸಿ ಬೇಯಿಸುವ ಕಾರ್ಖಾನೆಯೊಂದರಿಂದ ದೂರು ಬಂತು. ದಿನಕ್ಕೊಂದು ಟೈರು ಹಸಿ ಉಳಿಯುತ್ತಿತ್ತು. ಟೈರು ಬೇಯಿಸುವ ಯಂತ್ರವಾದ ಪ್ರೆಸ್ಸನ್ನು ನಡೆಸುವವನದೇ ನಿರ್ಲಕ್ಷ್ಯ ಎಂದು ಸೂಪರ್‌ವೈಸರ್ ತೀರ್ಪು ಕೊಟ್ಟಾಗಿತ್ತು. ಇಪ್ಪತ್ತು ವರ್ಷ ಆ ಬಿಸಿಯಲ್ಲಿ ನಿಂತವನನ್ನು ವಾರದ ಕೊನೆಗೆ ಮನೆಗೆ ಕಳಿಸುವುದಷ್ಟೇ ಬಾಕಿ. ಅದಕ್ಕೆ ಮುಂಚೆ ತಪಾಸಣೆಗೆಂದು ಯಾಕಮ್ಮನ ಕಂಪನಿಯಿಂದ ಮೂವರು ಬಂದಿದ್ದರು. ಮೂವರೂ ಬೆಳಿಗ್ಗೆ ಬಂದು, ಎಲ್ಲ ಸರಿ ಎಂದು ಬರೆದು, ಊಟದ ಹೊತ್ತಿಗೆ ಜಾಗ ಖಾಲಿ ಮಾಡಿದ್ದರು. ಯಂತ್ರವನ್ನು ಮುಟ್ಟಿ ಮುಟ್ಟಿ ನೋಡಿದ ಈ ಮಹಾನುಭಾವರಲ್ಲಿ ಒಬ್ಬನಾದರೂ ಪಕ್ಕದಲ್ಲೇ ನಿಂತ ಮನುಷ್ಯನನ್ನು ಒಂದು ಮಾತು ಕೇಳಿದ್ದನೇ?

ನಾಲ್ಕನೆಯವಳಾಗಿ ಬಂದ ಯಾಕಮ್ಮ ಕೇಳಿದಳು. “ಅಣ್ಣ, ಹಸಿ ಉಳಿಯೋದು ಯಾವ ಟೈರು?”

“ಊಟ ಮುಗಿಸಿ ಬಂದು ಹಾಕ್ತೀನಲ್ಲ, ಆ ಮೊದಲನೇದು. ಪ್ರೆಸ್ಸು ಬೇಗ ಬಾಯಿ ಬಿಡುತ್ತೆ ತಾಯಿ. ಪರದೆ ಮೇಲೆ ಮಾತ್ರ ಐವತ್ತು ನಿಮಿಷ ಆಯ್ತು ಅಂತಿರುತ್ತೆ.”

“ಊಟ ಆದ್ಮೇಲೆ ಇವನು ಗೊರಕೆ ಹೊಡೀತಾನೆ ಮೇಡಂ,” ಸೂಪರ್‌ವೈಸರ್ ನಕ್ಕ.

“ಅವರು ಮಲಗಿದ್ರೆ ಟೈರು ಸೀದು ಹೋಗ್ಬೇಕಿತ್ತು. ಹಸಿ ಯಾಕೆ ಉಳಿಯುತ್ತೆ?”

ಊಟದ ನಂತರ ಆಕೆ ಕೈಗಡಿಯಾರ ಬಿಚ್ಚಿ ಪ್ರೆಸ್ಸಿನ ಮುಂದೆ ಕುಳಿತಳು. ನಲವತ್ತನೇ ನಿಮಿಷಕ್ಕೇ ಪ್ರೆಸ್ ತೆರೆಯಿತು. ಊಟದ ಬಿಡುವು ನಲವತ್ತು ನಿಮಿಷ. ಅರ್ಧ ಗಂಟೆ ಕೆಲಸವಿಲ್ಲದಿದ್ದರೆ ಪ್ರೆಸ್ ನಡೆಸುವ ಪೆಟ್ಟಿಗೆಯ ಅರ್ಧ ಭಾಗ ಮಲಗುತ್ತದೆ. ಹತ್ತು ನಿಮಿಷ ನಿದ್ದೆ, ಹತ್ತು ನಿಮಿಷ ಕಡಿಮೆ ಬೇಯುವಿಕೆ!

ಪೆಟ್ಟಿಗೆಯ ಪ್ರೊಸೆಸರಿನಲ್ಲಿ ಎಂಟು ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಎಂಟು ಭಾಗಗಳು, ನಾಲ್ಕು ನಾಲ್ಕರ ಎರಡು ಗುಂಪು, ಗುಂಪಿಗೊಂದು ಟೈಮರ್. ಎರಡನೇ ಗುಂಪು ಮಲಗಿದರೆ ಅದರ ಟೈಮರೂ ನಿಲ್ಲುತ್ತದೆ. ಎದ್ದಾಗಲೆಲ್ಲ ಅದನ್ನು ಮೊದಲ ಗುಂಪಿನ ಟೈಮರಿಗೆ ಹೊಂದಿಸಬೇಕು. ಕರ್ನಲ್ ಅದನ್ನು ದಿನಾ ಬೆಳಿಗ್ಗೆ ಕರೆಂಟ್ ಕೊಟ್ಟಾಗ ಒಂದೇ ಒಂದು ಸಲ ಮಾಡಿ ಕೈತೊಳೆದುಕೊಳ್ಳುತ್ತಿತ್ತು. ಹೀಗಾಗಿ ಪ್ರೆಸ್ ಮುಚ್ಚಿದ ಹೊತ್ತನ್ನು ಹಿಂದೆ ಬಿದ್ದ ಗುಂಪು ಗುರುತು ಹಾಕಿಕೊಳ್ಳುತ್ತಿತ್ತು. ಸಮಯ ಮುಗಿಯಿತೇ ಎಂದು ಸರಿಯಾಗಿದ್ದ ಗುಂಪು ನೋಡುತ್ತಿತ್ತು. ಆಮೇಲಿನ ಟೈರುಗಳ ಶುರುವನ್ನೂ ಕೊನೆಯನ್ನೂ ಒಂದೇ ಗುಂಪು ನೋಡುತ್ತಿದ್ದರಿಂದ ಅವು ಪೂರ್ತಿ ಬೇಯುತ್ತಿದ್ದವು.

ಆಫೀಸಿಗೆ ಮರಳಿ ಕರ್ನಲಿನ ಆ ಸಾಲುಗಳನ್ನು ಬರೆದವರು ಯಾರೆಂದು ಹುಡುಕಿದಳು. ಅವಳೇ. ಎರಡು ವರ್ಷದ ಹಿಂದೆ, ಕೋರ್‌ಗಳ ಒಂದೇ ಗುಂಪಿದ್ದ ಬೋರ್ಡಿನ ಮೇಲೆ ಪರೀಕ್ಷಿಸಿ ‘ಸರಿಯಿದೆ’ ಎಂದಿದ್ದಳು.

ಯಾವ ಗುಂಪು ಎದ್ದರೂ ಕೆಲಸಕ್ಕೆ ಕೈ ಹಾಕುವ ಮೊದಲು ಅದರ ಟೈಮರ್ ಹೊಂದುವಂತೆ ತಿದ್ದಿದಳು. ಎರಡು ದಿನ ಊಟದ ನಂತರ ಅಳೆದಳು. ಐವತ್ತೆಂದರೆ ಐವತ್ತು.

“ಹೊಸ ಆವೃತ್ತಿ ಹಾಕಿದ್ದೇವೆ ಅಂತ ಬರೆದು ಮುಗಿಸಮ್ಮ,” ಎಂದ ಆಕೆಯ ಮ್ಯಾನೇಜರ್. “ತಪ್ಪನ್ನ ಯಾಕೆ ಮೈಮೇಲೆ ಎಳ್ಕೋತೀಯ?”

“ಹಾಗೆ ಬರೆದ್ರೆ ಆ ಅಣ್ಣನ ಕೆಲಸ ಉಳಿಯಲ್ಲ ಸಾರ್.”

‘ದೋಷ ಕರ್ನಲಿನದು, ಬರೆದವಳು ನಾನು, ಪ್ರೆಸ್ಸಿನವರದು ಏನೂ ತಪ್ಪಿಲ್ಲ’ ಎಂದು ಬರೆದು ಸಹಿ ಹಾಕಿ ತಾನೇ ಕಾರ್ಖಾನೆಗೆ ಒಯ್ದಳು. ಸೂಪರ್‌ವೈಸರ್ ಓದಿ ಪ್ರೆಸ್ಸಿನವನತ್ತ ತಿರುಗಿ, “ಸರಿ, ನಾಳೆಯಿಂದಲೂ ನೀನೇ ಇರು,” ಎಂದ. ‘ತಪ್ಪಾಯ್ತು’ ಎನ್ನಲು ಆ ನಾಲಿಗೆ ಹೊರಳಲಿಲ್ಲ. ದೊಡ್ಡವರ ನಾಲಿಗೆಗೆ ಅದೊಂದು ರೋಗ.

ಪ್ರೆಸ್ಸಿನವನು ಕಾಗದವನ್ನು ಎರಡು ಸಲ ಓದಿ ಜೇಬಿನಲ್ಲಿಟ್ಟುಕೊಂಡ. ಆಮೇಲೆ ಪೆಟ್ಟಿಗೆಯತ್ತ ಬಗ್ಗಿ ಕೇಳಿದ: “ಅಲ್ಲ ತಾಯಿ, ನಾಲ್ಕು ಮಲಗಿದಾಗ ಇನ್ನು ನಾಲ್ಕು ಏನು ಮಾಡ್ತಿರ್ತವೆ?”

ಯಾಕಮ್ಮ ಸ್ಟೂಲು ಎಳೆದುಕೊಂಡಳು.