ಮೂಲೆಯ ಕಂಪ್ಯೂಟರಿನ ಮೈಕು

ಅಷ್ಟರಲ್ಲೇ ಎದ್ದೆಯಾ ಮಗು? ಕೂತ್ಕೋ. ನಿಮ್ಮ ದೊಡ್ಡಮ್ಮ ಗೋಡೆಗೆ ಅಂಟಿಸಿದ ಪಟ್ಟಿಯ ಕಥೆ ಇನ್ನೂ ಅರ್ಧವೂ ಆಗಿಲ್ಲ.

ಇಪ್ಪತ್ತೆರಡು ವರ್ಷದಿಂದ ಅವಳು ಗ್ರಂಥಾಲಯದ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದಾಳೆ. ಆರು ಕಂಪ್ಯೂಟರು, ಅದರಲ್ಲೊಂದಕ್ಕೆ ಸದಾ ಜ್ವರ. ಬಂದವರೆಲ್ಲ ಕೇಳುವುದು ಒಂದೇ, ಮೇಡಂ, ಯಾವ ಜಾಲತಾಣ ಚೆನ್ನಾಗಿದೆ ಅಂತ. ಹೇಳಿ ಹೇಳಿ ಗಂಟಲು ಒಣಗಿ, ತನಗಿಷ್ಟವಾದವನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು ಅಂಟಿಸಿದಳು. ಆದರೂ ಜನ ರಟ್ಟು ನೋಡುವುದಿಲ್ಲ, ಅವಳ ಮುಖ ನೋಡುತ್ತಾರೆ. ಅವಳೂ ಅವರ ಮುಖ ನೋಡಿ, ಡಾಕ್ಟರು ಚೀಟಿ ಬರೆದ ಹಾಗೆ ಹೇಳುತ್ತಾಳೆ. ಪದ ಸಿಗದೆ ತಲೆ ಕೆರೆದುಕೊಳ್ಳುವವರಿಗೆ ನಿಘಂಟಿನ ತಾಣ. ಹೊತ್ತು ಹೋಗದವರಿಗೆ ಪದಬಂಧ, ಇಲ್ಲವೇ ಹಳೆಯ ರೇಡಿಯೊ ನಾಟಕ. ಕಥೆ ಬರೆಯುತ್ತೇನೆಂದು ಬಂದು ಆಟವಾಡುತ್ತ ಕೂರುವವರಿಗೆ, ಬಿಳಿ ಹಾಳೆ ಬಿಟ್ಟು ಬೇರೇನೂ ಕಾಣಿಸದ ಒಂದು ಪುಟ. ಯಾವುದೂ ಬೇಡ ಎನ್ನುವಷ್ಟು ದಣಿದವರಿಗೆ ಪಟ್ಟಿಯ ಕೊನೆಯ ಸಾಲು: ಎಲ್ಲೋ ಸೇತುವೆಯೊಂದಕ್ಕೆ ಕ್ಯಾಮೆರಾ ಕಟ್ಟಿದ್ದಾರೆ, ಕೆಳಗೆ ಹೊಳೆ ಹರಿಯುತ್ತಿರುತ್ತದೆ, ಅಷ್ಟೇ. ಅದನ್ನು ನೋಡಲು ಅವಳಿಗೇ ಪುರುಸೊತ್ತಿರಲಿಲ್ಲ. ಮನೆಗೆ ಬಂದರೆ ಬಿಸಿನೀರಿನಲ್ಲಿ ಕಾಲಿಟ್ಟು ಹಾಗೇ ಕಣ್ಣು ಮುಚ್ಚುತ್ತಾಳೆ. ಟವೆಲ್ ನಾನೇ ಕೊಡಬೇಕು.

ಮೂಲೆಯ ಕಂಪ್ಯೂಟರು ಮಾತಾಡುವವರಿಗೆ ಮೀಸಲು. ನಾವು ಹೇಳುತ್ತ ಹೋದರೆ ಅದು ಅಕ್ಷರ ಮಾಡುತ್ತದೆ. ಮಾತು ಮುಗಿದ ಕೂಡಲೇ ಮೈಕು ಆರಿಸಬೇಕೆಂಬ ನಿಯಮ ಅವಳದೇ, ಅದನ್ನೂ ಆ ರಟ್ಟಿನ ಮೇಲೆ ಬರೆದಿದ್ದಾಳೆ. ಅಲ್ಲಿಗೆ ನಿವೃತ್ತ ಬಸ್ ಡ್ರೈವರೊಬ್ಬರು ಬರುತ್ತಿದ್ದರು. ತಂಗಿ ಇಷ್ಟಪಟ್ಟವನನ್ನು ಮದುವೆಯಾಗಿ ಬಂದ ದಿನ ಇವರು ಅವಳ ಮುಖಕ್ಕೇ ಬಾಗಿಲು ಹಾಕಿದ್ದರಂತೆ. ಒಂಬತ್ತು ವರ್ಷ ಮಾತಿಲ್ಲ, ಕತೆಯಿಲ್ಲ. ಬೆರಳು ನಡುಗುತ್ತದೆ, ಟೈಪ್ ಮಾಡಲಾಗದು ಎಂದಾಗ ಈ ಮೈಕು ತೋರಿಸಿದವಳು ನಿಮ್ಮ ದೊಡ್ಡಮ್ಮನೇ. ಹದಿನೈದು ದಿನ ತಂಗಿಗೊಂದು ಮೇಲ್ ಹೇಳಿದರು, ಅಳಿಸಿದರು, ಮತ್ತೆ ಹೇಳಿದರು. ಚಿಕ್ಕಂದಿನ ಸೈಕಲ್ಲು, ಮೊಣಕಾಲು ನೋವು, ಬಸ್ಸಿನ ಬ್ರೇಕು, ಎಲ್ಲ ಬಂತು.

ಒಂದು ಸಂಜೆ ಅವರು ಮೈಕು ಆರಿಸದೆ ನೀರು ಕುಡಿಯಲು ಹೊರಗೆ ಹೋದರು. ನಿಮ್ಮ ದೊಡ್ಡಮ್ಮ ಸಾಕಾಗಿ ಅದೇ ಕುರ್ಚಿಗೆ ಒರಗಿ ನಿಂತಳು. ಮೈಕಿನ ಕಡೆ ನೋಡಲೇ ಇಲ್ಲ. ನೆಲ ಒರೆಸುತ್ತಿದ್ದವಳ ಹತ್ತಿರ ಅಂದಳು:

"ಊರಿನ ಸುದ್ದಿಯೆಲ್ಲ ಹೇಳ್ತಾರೆ ಕಣೇ, ತಪ್ಪಾಯ್ತು ಅನ್ನೋ ಒಂದು ಮಾತು ಮಾತ್ರ ಬಾಯಿಗೆ ಬರಲ್ಲ. ನಾನು ಇವರ ತಂಗಿಯಾಗಿದ್ರೆ ಉತ್ತರಾನೇ ಕೊಡ್ತಿರಲಿಲ್ಲ."

ಡ್ರೈವರು ಬಂದರು. ಇನ್ನೊಮ್ಮೆ ಓದಿದರೆ ಧೈರ್ಯ ಹೋದೀತೆಂದು, ಓದದೆಯೇ ಮೇಲ್ ಕಳಿಸಿ ಮನೆಗೆ ನಡೆದರು. ಕಂಪ್ಯೂಟರು ಮುಚ್ಚಲು ಹೋದ ಇವಳಿಗೆ ತೆರೆದೇ ಉಳಿದಿದ್ದ ಆ ಮೇಲ್‌ನಲ್ಲಿ ತನ್ನ ಮಾತೂ ಅಕ್ಷರವಾಗಿ, ಅವರ ಹೆಸರಿನಲ್ಲಿ, ಸೈಕಲ್ಲಿನ ಕಥೆಯ ಪಕ್ಕದಲ್ಲೇ ಕೂತಿರುವುದು ಕಂಡಿತು.

ಯಂತ್ರದ ತಪ್ಪು ಎಂದುಬಿಡಬಹುದಿತ್ತು, ಸುಮ್ಮನಿರಲೂಬಹುದಿತ್ತು. ಮರುದಿನ ಬೆಳಿಗ್ಗೆ ಬಾಗಿಲಲ್ಲೇ ಅವರನ್ನು ನಿಲ್ಲಿಸಿ ಎಲ್ಲ ಹೇಳಿದಳು. ಅವರು ಒಳಗೆ ಬಂದು, ಕನ್ನಡಕ ಹಾಕಿ ಆ ಮೇಲನ್ನು ಎರಡು ಸಲ ಓದಿದರು.

"ಇದನ್ನ ನನ್ನ ಮುಖಕ್ಕೇ ಹೇಳಬಹುದಿತ್ತಲ್ಲ ಮೇಡಂ."

"ಹೌದು ಸರ್. ಸುಸ್ತಾಗಿತ್ತು. ನಿಮ್ಮ ಜೊತೆ ವಾದ ಮಾಡೋಕೆ ತ್ರಾಣ ಇರಲಿಲ್ಲ."

ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಹೊರಟುಹೋದರು. ನಾಲ್ಕು ದಿನ ಬರಲಿಲ್ಲ. ನಾಲ್ಕೂ ದಿನ ಇವಳು ಯಾರಿಗೂ ಮೂಲೆಯ ಕಂಪ್ಯೂಟರು ಕೊಡಲಿಲ್ಲ, ಕೆಟ್ಟಿದೆ ಎಂದಳು. ಐದನೆಯ ದಿನ ಬಂದವರು ಮೊಬೈಲು ಮುಂದೆ ಹಿಡಿದರು. ತಂಗಿಯ ಉತ್ತರ, ಎರಡೇ ಸಾಲು: ಮಧ್ಯದಲ್ಲಿ ಮಾತಾಡಿದವರು ಯಾರು ಅಣ್ಣ? ಅವರು ಹೇಳಿದ ಆ ಒಂದು ಮಾತಿಗೇ ನಾನು ಕಾಯುತ್ತಿರುವುದು.

ಇವಳು ಮೈಕು ಹಾಕಿಕೊಟ್ಟಳು. ಕೋಣೆಯಲ್ಲಿದ್ದ ಮೂವರನ್ನೂ ಹೊರಗೆ ಕರೆದುಕೊಂಡು ಹೋಗಿ ಬಾಗಿಲೆಳೆದಳು. ಬೆಂಚಿನ ಮೇಲೆ ಕೂತು ಕಾದಳು. ಅವರು ಒಳಗಿದ್ದದ್ದು ಎರಡು ನಿಮಿಷ. ಹೊರಬಂದಾಗ, ಮೈಕು ಆರಿಸಿದ್ದೀನಿ ಮೇಡಂ, ಅಂತಷ್ಟೇ ಹೇಳಿ ಹೋದರು.

ಆಮೇಲೆ ಅವಳು ಅದೇ ಕುರ್ಚಿಯಲ್ಲಿ ಕೂತು, ಪಟ್ಟಿಯ ಕೊನೆಯ ಸಾಲು ತೆರೆದು, ಮೊದಲ ಸಲ ಅರ್ಧ ಗಂಟೆ ಹೊಳೆ ನೋಡಿದಳಂತೆ.

ನಾಳೆ ಗ್ರಂಥಾಲಯದ ಕಡೆ ಹೋಗುತ್ತೀಯಲ್ಲ, ಒಂದು ದಪ್ಪ ಕರಿ ಪೆನ್ನು ತಗೊಂಡು ಹೋಗು. ರಟ್ಟಿನ ಮೇಲೆ ಮೈಕಿನ ನಿಯಮ ಮಾಸಿಹೋಗಿದೆ, ದೊಡ್ಡದಾಗಿ ತಿದ್ದಿ ಬರೆದು ಬಾ. ಅವಳು ಹೊಳೆ ನೋಡುತ್ತಿದ್ದರೆ ಮಾತ್ರ ಏನೂ ಕೇಳಬೇಡ ಮಗು.