ಬಲೆಯ ಸೀಸ ಕದ್ದ ಚಾಯೊಂಗ್

ಆ ವರ್ಷ ಆಂಬೊನ ಬಲೆಗೆ ಮೀನು ಬೀಳುವುದು ನಿಂತೇಹೋಗಿತ್ತು. ಅವನು ಮೊದಲು ಚಂದ್ರನನ್ನು ಬೈದ, ಆಮೇಲೆ ಗಾಳಿಯನ್ನು ಬೈದ, ಆಮೇಲೆ ದೀಪ ಹಾಕಿ ಮೀನೆಲ್ಲ ಬಾಚಿಕೊಂಡರೆಂದು ಪಕ್ಕದ ಊರಿನವರನ್ನೂ ಬೈದ. ಕೊನೆಗೆ ಸಂತ ಪೇತ್ರನ ಮುಂದೆ ಮೇಣದ ಬತ್ತಿ ಹಚ್ಚಿ ಬಂದ. ಹೆಂಡತಿ ಚಾಯೊಂಗ್ ಮಾತ್ರ ಒಲೆಯ ಕಡೆ ಮುಖ ಮಾಡಿಕೊಂಡು, "ಪಾಪ, ಆ ಸಂತರಿಗಾದ್ರೂ ಎಷ್ಟು ಅಂತ ಕೆಲಸ" ಎನ್ನುತ್ತಿದ್ದಳು. ಬಲೆಯ ಕೆಳಗಿನ ಅಂಚನ್ನು ನೀರಿಗೆ ಮುಳುಗಿಸುವ ಸೀಸದ ಮಣಿಗಳು ಎಲ್ಲಿಗೆ ಹೋಗುತ್ತಿವೆ ಎಂಬುದು ಆ ಕಡಲತೀರದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಅವು ಹೋಗುತ್ತಿದ್ದದ್ದು ಅವಳ ಗಾಳಿಕೋವಿಗೆ.

ಆ ಕೋವಿಯನ್ನು ಅವಳ ಅಪ್ಪ ಲೇತಿನ ಮೇಲೆ ತಾನೇ ಕಡೆದು ಮಾಡಿದ್ದ. ಮದ್ದಿನ ಕೋವಿಗಳನ್ನೆಲ್ಲ ಸರ್ಕಾರ ತರಿಸಿಕೊಂಡು ಬೀಗ ಹಾಕಿದಾಗ ಆ ಬತಾಂಗಾಸ್ ಸೀಮೆಯವರು ಕೈಕಟ್ಟಿ ಕೂರುವ ಪೈಕಿಯೇ? ಬೆಂಕಿ ಆರಿಸುವ ಸಿಲಿಂಡರಿನ ಗ್ಯಾಸನ್ನೇ ಕೋವಿಗೆ ತುಂಬಿದರು. ಒಂದು ನಳಿಗೆ, ಅದರಡಿ ಗ್ಯಾಸಿನ ಕೊಳವೆ, ಒಂದು ಸ್ಪ್ರಿಂಗು, ಒಂದು ಟ್ರಿಗರ್. ಕೆಟ್ಟುಹೋಗಲು ಅದರಲ್ಲಿ ಬೇರೇನೂ ಇರಲಿಲ್ಲ. ಗುಂಡು ಮಾತ್ರ ಹೆಬ್ಬೆರಳಿನಷ್ಟು ದಪ್ಪ. ಹೊಡೆದರೆ ತೆಂಗಿನಕಾಯಿ ಹೋಳಾಗಿ ನೀರು ಮುಗಿಲಿಗೆ ಚಿಮ್ಮುತ್ತಿತ್ತು. ಆ ಸ್ಪ್ರಿಂಗು ಎಳೆಯಲು ರಟ್ಟೆ ಬೇಕು. ಅವಳ ಅಣ್ಣ ಕಾರ್ದೊ ಮೊಣಕಾಲು ಊರಿ, ಮುಖ ಕೆಂಪಗೆ ಮಾಡಿಕೊಂಡು ಎಳೆದರೂ ಅದು ಜಗ್ಗಲಿಲ್ಲ. ದಿನವಿಡೀ ಮೀನು ಸೀಳಿ ಒಣಹಾಕುವ ತಂಗಿ ಒಂದೇ ಕೈಯಲ್ಲಿ ಟಕ್ಕೆನ್ನಿಸಿದಳು. ಅಪ್ಪ ನಕ್ಕು ಕೋವಿಯನ್ನು ಮಗಳ ಮಡಿಲಿಗೆ ಹಾಕಿದ. ಕಾರ್ದೊ ಆಮೇಲೆ ಮಿಂದೊರೊ ದ್ವೀಪಕ್ಕೆ ಹೋಗಿ ನೆಲೆಸಿದ. ಕೋವಿಯ ಮೇಲಿನ ಕಣ್ಣನ್ನು ಮಾತ್ರ ತೆಗೆದಿರಲಿಲ್ಲ.

ಶನಿವಾರ ಸಂಜೆಯಾಯಿತೆಂದರೆ ಚಾಯೊಂಗಳನ್ನು ಹಿಡಿಯುವವರಿಲ್ಲ. ಪಾಳುಬಿದ್ದ ಉಪ್ಪಿನ ಆಗರದ ಬಯಲಿನಲ್ಲಿ ಕೋವಿಯವರೆಲ್ಲ ಸೇರುತ್ತಿದ್ದರು. ಕಡಲ ಕಡೆಗಿದ್ದ ಎತ್ತರದ ಮಣ್ಣಿನ ದಿಬ್ಬದ ಮುಂದೆ ಸಾಲಾಗಿ ಬಿದಿರು ನೆಟ್ಟು, ತುದಿಗೆ ಸಾರ್ಡೀನ್ ಮೀನಿನ ಖಾಲಿ ಡಬ್ಬಿಗಳನ್ನು ಕಟ್ಟುತ್ತಿದ್ದರು. ಎಡತುದಿಯ ಬಿದಿರು ಚಾಯೊಂಗಳದು. ಹೂವಿನ ಫ್ರಾಕು, ಹುಲ್ಲಿನ ಟೋಪಿ, ಮೈಯೆಲ್ಲ ಒಣಮೀನಿನ ವಾಸನೆ. ಹಾಗೇ ಚಾಪೆಯ ಮೇಲೆ ಬೋರಲು ಬೀಳುವಳು. ಸಿಲಿಂಡರಿನ ಯಜಮಾನ ಮುದುಕ ಮಾಂಗ್ ಟೆರ್ಯೊ ಗ್ಯಾಸ್ ಬಿಟ್ಟರೆ ಬುಸ್ಸೆಂದು ಒಳನುಗ್ಗಿ, ಆ ಸುಡುಬಿಸಿಲಿನಲ್ಲೂ ಕೊಳವೆಯ ಮೇಲೆ ಬೆಳ್ಳಗೆ ಹಿಮ ಕಟ್ಟುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಬೆರಳು ಮಡಿಸುವಳು. ಧಡ್! ಭುಜಕ್ಕೆ ಗುದ್ದು, ಡಬ್ಬಿಗೆ ಕುಣಿತ, ದಿಬ್ಬದಿಂದ ಧೂಳು. ಮೈ ಜುಮ್ಮೆನ್ನುವುದು. ಮದುವೆಯ ದಿನವೂ ತನಗೆ ಇಷ್ಟು ಖುಷಿಯಾಗಿರಲಿಲ್ಲ ಎಂದು ಅವಳು ಎಲ್ಲರ ಎದುರೇ ಹೇಳುತ್ತಿದ್ದಳು.

"ಗ್ಯಾಸ್ ಮುಗೀತು, ಸಾಕು ಏಳಮ್ಮ" ಎನ್ನುತ್ತಿದ್ದ ಮಾಂಗ್ ಟೆರ್ಯೊ.

"ಇನ್ನೊಂದೇ ಒಂದು, ಮಾಂಗ್ ಟೆರ್ಯೊ! ನಿಮ್ಮ ಕಾಲಿಗೆ ಬೀಳ್ತೀನಿ."

ಆಂಬೊ ಒಂದು ದಿನವೂ ಆ ಬಯಲಿಗೆ ಕಾಲಿಟ್ಟವನಲ್ಲ. "ಡಬ್ಬಿಗೆ ತೂತು ಮಾಡೋಕೆ ಮೊಳೆ ಸಾಲದೇನೇ?" ಎಂದು ಹಂಗಿಸುವುದಷ್ಟೇ ಅವನ ಆಸಕ್ತಿ.

ಗುಂಡು ಎರಕ ಹೊಯ್ಯಲು ಸೀಸ ಬೇಕಲ್ಲ. ಮೊದಲು ಬಲೆಯ ಒಂದು ತುದಿಯಿಂದ ಒಂದೆರಡು ಮಣಿ ಬಿಚ್ಚಿದಳು. ಬಲೆ ಮುಳುಗಿತು, ಯಾರಿಗೂ ಗೊತ್ತಾಗಲಿಲ್ಲ. ಹಾಗಾಗಿ ಇನ್ನಷ್ಟು ಬಿಚ್ಚಿದಳು. ರುಚಿ ಹತ್ತಿದ ಕೈ ನಿಲ್ಲುತ್ತದೆಯೇ? ಅಂತೂ ಒಂದು ದಿನ ಬಲೆ ಮುಳುಗುವ ಬದಲು ಒಗೆದ ಸೀರೆಯ ಹಾಗೆ ನೀರಿನ ಮೇಲೆ ಹರಡಿಕೊಂಡಿತು. ಆಂಬೊನ ಕಣ್ಣೆದುರೇ ಮೀನಿನ ಹಿಂಡು ಅದರಡಿಯಲ್ಲಿ ಆರಾಮಾಗಿ ದಾಟಿಹೋಯಿತು. ಅವನು ಮಣಿಗಳೆಲ್ಲ ಬಿಚ್ಚಿಹೋಗಿದ್ದ ಬಲೆಯ ಹಗ್ಗವನ್ನು ಹೆಗಲ ಮೇಲೆ ಎಳೆದುಕೊಂಡೇ ಮನೆಗೆ ಬಂದ.

"ಅಲಾ ಎ! ನಾನು ಚಂದ್ರನ್ನ ಬೈದೆನಲ್ಲೇ, ಕಳ್ಳಿ!"

ಚಾಯೊಂಗ್ ಗುಂಡಿನ ಅಚ್ಚನ್ನು ಕಾಲಿನಿಂದ ಒಲೆಯ ಹಿಂದಕ್ಕೆ ತಳ್ಳಿದಳು.

"ಸೋಮವಾರ ಮಿಂದೊರೊಗೆ ಲಾಂಚ್ ಹೋಗುತ್ತೆ. ನಿನ್ನ ಕೋವೀನ ನಿನ್ನಣ್ಣನಿಗೆ ಕಳಿಸ್ತೀನಿ. ಅಷ್ಟರೊಳಗೆ ನನ್ನ ಸೀಸ ವಾಪಸ್ ಬಂದ್ರೆ ಕೋವಿ ಮನೇಲಿರುತ್ತೆ. ಇಲ್ಲಾಂದ್ರೆ ಇಲ್ಲ."

ಭಾನುವಾರ ಪೂಜೆ ಮುಗಿಸಿ ಗಂಡ ಹೆಂಡತಿ ಗುದ್ದಲಿ, ಜರಡಿ ಹೊತ್ತುಕೊಂಡು ಬಯಲಿಗೆ ಹೋದರು. ಮಜಾ ನೋಡಲು ಮಾಂಗ್ ಟೆರ್ಯೊ ಸಿಲಿಂಡರ್ ಸಮೇತ ಹಿಂದೆಯೇ ಬಂದ. ಆಂಬೊ ಬಲಗಡೆ ಗಂಡಸರ ಬಿದಿರುಗಳ ಹಿಂದೆ ಅಗೆದು ನೋಡಿದ. ಮೇಲೆ ಒಂದು, ಕೆಳಗೆ ಒಂದು, ಮೂಲೆಯಲ್ಲಿ ಒಂದು, ಎಲ್ಲೆಂದರಲ್ಲಿ ಸೀಸ.

"ಅದು ಬೇರೆಯವರ ಸೀಸ, ಮುಟ್ಟಬೇಡ" ಎಂದ ಮಾಂಗ್ ಟೆರ್ಯೊ. "ನಿಮ್ಮದು ಎಡತುದಿ."

ಎಡತುದಿಯಲ್ಲಿ ಆಂಬೊ ಅಗಲಕ್ಕೆ ಅಗೆದ. ಜರಡಿಯಲ್ಲಿ ಬರೀ ಮಣ್ಣು. ಇನ್ನೂ ಅಗಲಕ್ಕೆ ಅಗೆದ. ಕಪ್ಪೆಚಿಪ್ಪು, ಮಣ್ಣು. ಬೆವರು ಒರೆಸಿಕೊಂಡು ಗುದ್ದಲಿ ಎಸೆದ.

"ಒಂದಾದ್ರೂ ದಿಬ್ಬಕ್ಕೆ ತಾಗಿದೆಯೇನೇ? ಎಲ್ಲಾ ದಿಬ್ಬ ಹಾರಿ ಸಮುದ್ರಕ್ಕೆ ಹೋಗಿದೆ! ಇಷ್ಟು ದಿನ ಸಮುದ್ರಕ್ಕೆ ಹೊಡೀತಿದ್ದೆಯಾ?"

ಚಾಯೊಂಗ್ ಡಬ್ಬಿಯ ಕಡೆ ತಿರುಗಿದಳು. ಡಬ್ಬಿ ಕುಣಿದದ್ದು ಸುಳ್ಳೇ? ಕಣ್ಣು ತುಂಬಿತು. ಅತ್ತರೆ ಇವನೆದುರು ಅಳಬೇಕಲ್ಲ ಎಂದು ಅವುಡುಗಚ್ಚಿ ಬಿದಿರಿನ ಬಳಿಗೆ ನಡೆದಳು. ಡಬ್ಬಿಯ ನೇರ ಹಿಂದೆ, ಹುಲ್ಲಿನ ಮರೆಯಲ್ಲಿ, ಏಡಿ ತೋಡಿದಂಥ ಒಂದು ಬಿಲವಿತ್ತು. ಅವಳು ಮಂಡಿಯೂರಿ ಅದರೊಳಗೆ ಕೈ ಹಾಕಿದಳು. ಮೊಣಕೈ ಮುಳುಗಿತು.

"ಆಂಬೊ..." ಎಂದಳು. "ಗುದ್ದಲಿ ತಾ."

ಹೊರಗೆ ಬಂದದ್ದು ಸೀಸದ ಒಂದೇ ಗಟ್ಟಿ, ಹಲಸಿನ ಹಣ್ಣಿನಷ್ಟು ಭಾರ. ಒಂದು ಗುಂಡಿನ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು, ಜಜ್ಜಿ ಕೂಡಿಕೊಂಡಿದ್ದವು. ಶನಿವಾರ ಶನಿವಾರವೂ ಹೊಡೆದದ್ದೆಲ್ಲ ಆ ಒಂದೇ ತೂತಿಗೆ ಇಳಿದಿತ್ತು.

ಆಂಬೊ ಗಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಎದ್ದು ಅವಳ ಚಾಪೆ ಹಾಸುವ ಜಾಗದವರೆಗೂ ನಡೆದುಹೋದ. ಅಲ್ಲಿಂದ ನೋಡಿದರೆ ಡಬ್ಬಿ ಹುಣಸೆಬೀಜದಷ್ಟು ಕಾಣುತ್ತಿತ್ತು.

"ಇಲ್ಲಿಂದಾ?" ಎಂದು ಕೂಗಿದ.

"ಮತ್ತೆ? ದಿಬ್ಬದ ಮೇಲೆ ಕೂತು ಕೈಯಲ್ಲಿ ಚುಚ್ಚಿದ್ನಾ?"

"ಮಾಂಗ್ ಟೆರ್ಯೊ, ಗ್ಯಾಸ್ ತಯಾರಿಡಿ. ನಾನು ಮನೆಗೆ ಓಡಿಹೋಗಿ ಕೋವಿ ತರ್ತೀನಿ."

ಓಡುವ ವಯಸ್ಸು ಅವನದಲ್ಲ, ಆದರೂ ಓಡಿದ. ಅವನು ಕೋವಿ ತರುತ್ತಿದ್ದಂತೆ ಚಾಯೊಂಗ್ ಜೇಬಿನಿಂದ ಒಂದು ಗುಂಡು ತೆಗೆದು, "ಇದೂ ನಿನ್ನ ಬಲೇದೇ" ಎಂದು ಕಣ್ಣು ಮಿಟುಕಿಸಿದಳು. ಆಂಬೊ ಅವಳ ಪಕ್ಕದಲ್ಲೇ ಮಣ್ಣಿನ ಮೇಲೆ ಬೋರಲು ಬಿದ್ದ. ಬುಸ್ಸೆಂದಿತು, ಟಕ್ಕೆಂದಿತು. ಧಡ್! ಡಬ್ಬಿ ಗಿರಗಿರ ತಿರುಗಿತು. ಆಂಬೊ ಹಾಕಿದ ಕೇಕೆಗೆ ಬಯಲಿನ ಬೆಳ್ಳಕ್ಕಿಗಳೆಲ್ಲ ಎದ್ದವು. "ಇನ್ನೊಂದು! ಇನ್ನೊಂದು ಹೊಡಿಯೇ!"

ಸಂಜೆ ಇಬ್ಬರೂ ಅಂಗಳದಲ್ಲಿ ಕೂತು, ಗಟ್ಟಿ ಕರಗಿಸಿ ಹೊಯ್ದ ಹೊಸ ಮಣಿಗಳನ್ನು ಬಲೆಗೆ ಕಟ್ಟಿದರು. ಸೋಮವಾರದ ಲಾಂಚಿನ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಉಳಿದ ಸೀಸದ ತುಂಡನ್ನು ಆಂಬೊ ಕಾಲಿನಿಂದ ಅವಳ ಕಡೆಗೆ ಸರಿಸಿದ.

"ಇನ್ಮೇಲೆ ಬೇಕಾದ್ರೆ ಕೇಳಿ ತಗೋ."

"ಮೊದಲೇ ಕೇಳಿದ್ರೆ ಕೊಡ್ತಿದ್ಯಾ?"

ಆಂಬೊ ಗಂಟು ಹಾಕುವುದನ್ನು ನಿಲ್ಲಿಸಿ ಯೋಚಿಸಿದ.

"ಇಲ್ಲ" ಎಂದ. "ನೀನು ಹೊಡೆಯೋದನ್ನ ನೋಡಿರಲಿಲ್ವಲ್ಲೇ."