ಚಿಕ್ಕಮ್ಮ ಸದ್ದಿಲ್ಲದೆ ನೋಡಿದ ಹಾಡುಗಳು

ಚಿಕ್ಕಮ್ಮನ ಬಲಗಾಲಿನ ಕಾಲುಂಗುರ ಕೆಳಗಡೆ ಸವೆದು ಚಪ್ಪಟೆಯಾಗಿತ್ತು. ಎಡಗಾಲಿನದು ಮದುವೆಯಲ್ಲಿ ತೊಡಿಸಿದಾಗ ಹೇಗಿತ್ತೋ ಹಾಗೇ ದುಂಡಗಿತ್ತು. ಬಲಗಾಲಿನದು ಮಾತ್ರ ತಗಡಿನಷ್ಟು ತೆಳ್ಳಗಾಗಿ, ಒಮ್ಮೆ ಬಿಟ್ಟೇ ಹೋಗಿ, ಬೆಸುಗೆ ಹಾಕಿಸಲು ಒಯ್ದಿದ್ದಳು. ಗುಬ್ಬಿಯ ಅಕ್ಕಸಾಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಮ್ಮಾ, ಒಂದೇ ಕಾಲಲ್ಲಿ ಓಡಾಡ್ತೀರಾ?" ಎಂದು ಕೇಳಿದ್ದನಂತೆ. ಚಿಕ್ಕಮ್ಮ ನಕ್ಕುಬಿಟ್ಟಿದ್ದಳು. ರಾಕ್ ಸಂಗೀತಕ್ಕೆ ತಾಳ ಹಾಕಿ ಹಾಕಿ ಸವೆದದ್ದು ಎಂದಿದ್ದರೆ ಅವನು ನಂಬುತ್ತಿರಲಿಲ್ಲ.

ಅವಳು ನನ್ನ ಅಮ್ಮನ ತಂಗಿ. ಹುಟ್ಟಿದ್ದು ಕುಣಿಗಲ್, ಕೊಟ್ಟದ್ದು ಗುಬ್ಬಿಯ ಕೊಬ್ಬರಿ ಮಂಡಿಯವರ ಮನೆಗೆ. ಹಣೆ ತುಂಬ ಕುಂಕುಮ ಇಟ್ಟುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆ ಹಿತ್ತಲು ನಡುಮನೆ ಎಂದು ದಿನವಿಡೀ ಓಡಾಡುವ ಹೆಂಗಸು. ನೆಂಟರ ಮನೆಯ ಶುಭಕಾರ್ಯಗಳಲ್ಲಿ ಸಾರಿನ ಉಪ್ಪು ನೋಡಲು ಎಲ್ಲರೂ ಕರೆಯುವುದು ಅವಳನ್ನೇ. ಇಂಥವಳಿಗೆ ಗಿಟಾರ್ ಕಿರಿಚಿಸುವ ಉದ್ದ ಕೂದಲಿನ ವಿದೇಶಿ ಗಂಡಸರ ಹುಚ್ಚು ಎಂಬುದು ನಮ್ಮ ವಂಶದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಆ ಗುಟ್ಟು ಕಾಯುವುದರಲ್ಲಿ ನನಗೆ ಆಗ ಬಹಳ ಹೆಮ್ಮೆಯಿತ್ತು. ಈಗ ಅದು ಎದೆಯ ಮೇಲೆ ಭಾರವಾಗಿ ಕೂತಿದೆ.

ಹುಚ್ಚು ಶುರುವಾದದ್ದು ಕುಣಿಗಲ್ಲಿನಲ್ಲಿ. ಅಜ್ಜನ ಮನೆಯ ಮುಂದಿನ ಭಾಗದಲ್ಲಿ ಬ್ಯಾಂಕಿನವರೊಬ್ಬರ ಸಂಸಾರ ಬಾಡಿಗೆಗಿತ್ತು. ಅವರ ಮಗ ರಜೆಗೆ ಬಂದಾಗಲೆಲ್ಲ ಟೇಪ್‌ರೆಕಾರ್ಡರಿನಲ್ಲಿ ಇಂಗ್ಲಿಷ್ ಹಾಡು ಹಾಕಿ ಬೀದಿಗೆಲ್ಲ ಕೇಳಿಸುತ್ತಿದ್ದ. ಅಜ್ಜ "ಯಾವನೋ ತಗಡು ಬಡೀತಾವ್ನೆ" ಎಂದು ಬೈಯುತ್ತಿದ್ದರೆ ಚಿಕ್ಕಮ್ಮ ನಡುಗೋಡೆಗೆ ಬೆನ್ನು ಒರಗಿಸಿಕೊಂಡು ಪುಸ್ತಕ ಬಿಚ್ಚಿ ಕೂರುತ್ತಿದ್ದಳು. ಮಣ್ಣಿನ ಗೋಡೆ ಸಣ್ಣಗೆ ನಡುಗುತ್ತಿತ್ತಂತೆ. "ನಂಗೆ ಮೊದ್ಲು ಕೇಳ್ಸಿದ್ದು ಕಿವೀಗಲ್ಲ ಕಣೇ, ಬೆನ್ನಿಗೆ" ಎನ್ನುತ್ತಿದ್ದಳು. ಆ ಹುಡುಗನ ಮುಖವನ್ನು ಅವಳು ಸರಿಯಾಗಿ ನೋಡಿದ್ದೇ ಇಲ್ಲ. ನಮ್ಮ ನೆಂಟರಿಗೆ ವಿಷಯ ಗೊತ್ತಾಗಿದ್ದರೆ ನೋಡದ ಮುಖಕ್ಕೂ ಒಂದು ಕತೆ ಕಟ್ಟಿಬಿಡುತ್ತಿದ್ದರು.

ಮದುವೆಯಾಗಿ ಗುಬ್ಬಿಗೆ ಬಂದ ಕೆಲವು ವರ್ಷಗಳಿಗೆ ಕೇಬಲ್ ಬಂತು. ಮಧ್ಯಾಹ್ನ ಊಟವಾಗಿ ಗಂಡಸರು ಮಂಡಿಗೆ ಹೋದ ಮೇಲೆ ಅವಳು ಚಾನೆಲ್ ತಿರುಗಿಸುತ್ತಿದ್ದಾಗ ಗೋಡೆಯಾಚೆಯ ಆ ಸದ್ದು ಮನುಷ್ಯರ ಆಕಾರ ತಾಳಿ ಎದುರಿಗೆ ಬಂದು ನಿಂತಿತು. ಆದರೆ ಟೀವಿ ಇದ್ದದ್ದು ನಡುಮನೆಯಲ್ಲಿ, ಅವಳ ಅತ್ತೆಯ ಮಂಚವೂ ಅಲ್ಲೇ. ಆ ಅಜ್ಜಿಗೆ ಒಂದೇ ಸಮ ತಲೆನೋವು. "ಸೌಂಡ್ ಕಮ್ಮಿ ಮಾಡಮ್ಮ" ಎನ್ನುತ್ತಿದ್ದರು. ಇವಳು ಒಂದು ಗೆರೆ ಇಳಿಸುವಳು. ಸ್ವಲ್ಪ ಹೊತ್ತಿಗೆ ಮತ್ತೆ "ಇನ್ನೊಂಚೂರು." ಹೀಗೆ ಇಳಿದು ಇಳಿದು ಸೊನ್ನೆಗೆ ಬಂದು ನಿಂತದ್ದು ಮುಂದೆ ಮೇಲೇಳಲೇ ಇಲ್ಲ. "ಟೀವಿ ನೋಡ್ಬೇಡ ಅಂತ ಈ ಮನೇಲಿ ಯಾರೂ ಅಂದಿಲ್ಲಪ್ಪ. ಸೌಂಡ್ ಕಮ್ಮಿ ಮಾಡು ಅಂದ್ರು, ಅಷ್ಟೇಯ" ಎಂದು ಅವಳು ಆ ಮನೆಯವರ ಪರವಾಗಿಯೇ ವಾದಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ತುಮಕೂರಿನಲ್ಲಿ ಪಿಯುಸಿ ಓದುವಾಗ ರಜೆಗೆ ಅವಳ ಮನೆಗೆ ಹೋಗುತ್ತಿದ್ದೆ. ಇಬ್ಬರೂ ಮೊರದಲ್ಲಿ ಅಕ್ಕಿ ಹಾಕಿಕೊಂಡು ಟೀವಿ ಮುಂದೆ ಕೂರುತ್ತಿದ್ದೆವು. ಅಕ್ಕಿ ಆರಿಸುವುದು ನೆಪ. ಸದ್ದಿಲ್ಲದೆ ನೋಡಿ ನೋಡಿ ಅವಳು ವಿಡಿಯೋಗಳಿಗೆಲ್ಲ ತನ್ನದೇ ಹೆಸರಿಟ್ಟಿದ್ದಳು. ಹುಡುಗಿಯೊಬ್ಬಳು ಮಳೆಯಲ್ಲಿ ಕಾರು ಓಡಿಸಿಕೊಂಡು ಮನೆ ಬಿಟ್ಟು ಹೋಗುವಂಥದ್ದು 'ಸೀರಿಯಲ್ ವಿಡಿಯೋ'. ಗೋಡೆ ಕರಗಿ, ಮೀನು ಆಕಾಶದಲ್ಲಿ ಈಜಿ, ಹಾಡುವವನ ಮುಖ ಅವನ ಕೈಗೇ ಕಳಚಿ ಬರುವಂಥದ್ದು 'ಜ್ವರದ ವಿಡಿಯೋ'. ಜ್ವರ ಏರಿದಾಗ ತನಗೂ ಹಾಗೇ ಕಂಡಿತ್ತಂತೆ. ಬಯಲು ತುಂಬ ಜನ ಕೈಯೆತ್ತಿ ಕುಣಿಯುವ ಲೈವ್ ಕಾರ್ಯಕ್ರಮಕ್ಕೆ 'ಸಂತೆ ವಿಡಿಯೋ' ಎನ್ನುತ್ತಿದ್ದಳು. ಅವಳಿಗೆ ಪ್ರಾಣವೆಂದರೆ 'ಕಾರ್ಖಾನೆ ವಿಡಿಯೋ'. ಪಾಳುಬಿದ್ದ ಶೆಡ್ಡಿನಲ್ಲಿ, ನೆಲದ ತುಂಬ ವೈರು ಹರಡಿಕೊಂಡು, ಬ್ಯಾಂಡಿನವರು ಬೆವರು ಸುರಿಸುತ್ತ ನುಡಿಸುತ್ತಾರಲ್ಲ, ಅದು.

"ಸೀರಿಯಲ್ ವಿಡಿಯೋದಲ್ಲಿ ಕತೆ ಇರತ್ತಲ್ಲ ಚಿಕ್ಕಮ್ಮ, ಅದು ಚೆನ್ನಾಗಿಲ್ವಾ?" ಎಂದು ಕೇಳಿದ್ದೆ.

"ಆ ಹುಡ್ಗಿ ಕಾರ್ ಓಡಿಸ್ತಿದ್ರೆ ನಂಗೇನ್ ಸಿಕ್ತು ಹೇಳು? ಬೆರಳು ತೋರ್ಸಲ್ಲ, ಡ್ರಮ್ಸ್ ಕೋಲು ತೋರ್ಸಲ್ಲ. ಸೌಂಡ್ ಇಟ್ಕೊಂಡು ನೋಡೋರು ನೋಡ್ಕೊಳ್ಲಿ ಬುಡು. ಕಾರ್ಖಾನೆ ವಿಡಿಯೋದಲ್ಲಾದ್ರೆ ಕೈ ಎಲ್ಲಿಗೆ ಹೋಗ್ತಿದೆ ಅಂತ ಕಾಣತ್ತೆ. ಕೈ ಕಂಡ್ರೆ ನಂಗೆ ಕೇಳ್ಸತ್ತೆ."

ಮುಂದೆ ನಾನು ರಾಕ್ ಹುಚ್ಚಿನವರನ್ನು ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಜ್ವರದ ವಿಡಿಯೋ ಬಿಟ್ಟರೆ ಉಳಿದದ್ದೆಲ್ಲ ಬರೀ ಜಾಹೀರಾತು ಎನ್ನುವವರಿದ್ದಾರೆ. ಕತೆಯಿರುವ ವಿಡಿಯೋ ನೋಡಿ ಅಳುವ ಗಡ್ಡಧಾರಿಗಳೂ ಇದ್ದಾರೆ. ಬೆವರು ಕಂಡರೆ ಸಾಕು, ಅದೇ ಅಸಲಿ ರಾಕ್ ಎನ್ನುವವರಂತೂ ಬೇಕಾದಷ್ಟು. ಚಿಕ್ಕಮ್ಮನ ಕಾರಣ ಮಾತ್ರ ಇನ್ನೊಬ್ಬರ ಬಾಯಲ್ಲಿ ಕೇಳಲಿಲ್ಲ. ಡ್ರಮ್ಸ್ ಬಾರಿಸುವವನ ಭುಜ ನೋಡಿಕೊಂಡು "ಈಗ ಬಡೀತಾನೆ... ಈಗ... ತಡಿ, ಬಿಟ್ಟ ನೋಡು" ಎನ್ನುತ್ತಿದ್ದಳು. ಅವನ ಕೋಲು ಇಳಿಯುವುದಕ್ಕೂ ಇವಳ ಕಾಲುಂಗುರ ಸಿಮೆಂಟ್ ನೆಲಕ್ಕೆ ಟಿಕ್ ಎನ್ನುವುದಕ್ಕೂ ಸರಿಹೋಗುತ್ತಿತ್ತು. ಆ ಮನೆಯಲ್ಲಿ ಅವಳ ಸಂಗೀತಕ್ಕೆ ಇದ್ದ ಸದ್ದು ಅದೊಂದೇ.

ಅವಳಿಗೆ ಇದ್ದ ಆಸೆಯೂ ಒಂದೇ. "ಒಂದ್ ದಿನ, ಒಂದೇ ದಿನ, ಫುಲ್ ಸೌಂಡ್ ಇಟ್ಟು ಕೇಳ್ಬೇಕು ಕಣೇ."

ನಾನು ಕೆಲಸಕ್ಕೆ ಸೇರಿ ಒಳ್ಳೆಯ ಮೊಬೈಲ್ ತೆಗೆದುಕೊಂಡಾಗ ಮೊದಲು ಮಾಡಿದ ಕೆಲಸ, ಗುಬ್ಬಿಗೆ ಹೋಗಿ ಅವಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದು. ಅವಳು ವರ್ಷಗಟ್ಟಲೆ ಸದ್ದಿಲ್ಲದೆ ನೋಡಿದ ಒಂದು ಕಾರ್ಖಾನೆ ವಿಡಿಯೋವನ್ನೇ ಹುಡುಕಿ ಹಾಕಿದೆ. ಕಣ್ಣಲ್ಲಿ ನೀರು ಬರುತ್ತದೆ, ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದೆಲ್ಲ ಎಣಿಸಿದ್ದೆ. ಅವಳು ಹುಬ್ಬು ಗಂಟಿಕ್ಕಿಕೊಂಡು ಕೊನೆಯವರೆಗೂ ಕೇಳಿ, ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟಳು.

"ಇದಲ್ಲ ಕಣೇ."

"ಇದೇ ಚಿಕ್ಕಮ್ಮ. ನೋಡು, ಅದೇ ಶೆಡ್ಡು, ಅದೇ ಜನ."

"ಜನ ಅವ್ರೇಯ. ಹಾಡು ಇದಲ್ಲ. ಆ ಹುಡ್ಗ ಅಷ್ಟ್ ಕೋಪದಲ್ಲಿ ಬಡೀತಾನೆ, ಸದ್ದು ನೋಡಿದ್ರೆ ಇಷ್ಟೇನಾ? ಮಧ್ಯದಲ್ಲಿ ಗಿಟಾರ್ ಒಬ್ನೇ ಅಳ್ತಿದ್ನಲ್ಲ, ಅದೆಲ್ಲಿ ಹೋಯ್ತು?"

ನನಗೆ ಮೊದಲು ನಗು ಬಂತು, ಆಮೇಲೆ ಅರ್ಥವಾಯಿತು. ಕೈಗಳನ್ನಷ್ಟೇ ನೋಡುತ್ತ ನೋಡುತ್ತ ಇವಳು ತಲೆಯೊಳಗೆ ಬೇರೆಯೇ ಹಾಡು ಕಟ್ಟಿಕೊಂಡಿದ್ದಳು. ಅದು ಆ ಬ್ಯಾಂಡಿನವರ ಹಾಡಲ್ಲ, ನಮ್ಮ ಚಿಕ್ಕಮ್ಮನದು. ಅದು ಹೇಗಿದೆ ಎಂದು ಗುನುಗಲು ಹೇಳಿದರೆ ನಾಚಿಕೊಂಡಳು. ಅತ್ತೆಯ ಮಂಚದ ಕಡೆ ನೋಡಿ, "ಇಲ್ಲಿ ಆಗಲ್ಲ" ಎಂದಳು.

ಎಲ್ಲಿ ಆಗುತ್ತದೋ ಅಲ್ಲಿಗೆ ಕರೆದೊಯ್ಯುತ್ತೇನೆ ಎಂದೆ. ತುಮಕೂರಿನ ಸತ್ಯಮಂಗಲದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ. ಅಲ್ಲಿ ಲೇತ್ ಮೆಷಿನ್ ನಡೆಸುವ ನನ್ನ ಪರಿಚಯದವನೊಬ್ಬ ಡ್ರಮ್ಸ್ ಬಾರಿಸುತ್ತಾನೆ, ಅವನ ಗೆಳೆಯ ಗಿಟಾರ್. ಭಾನುವಾರ ಮೆಷಿನ್‌ಗಳಿಗೆ ರಜೆ, ಇವರಿಗೆ ಅಭ್ಯಾಸ. ಅವಳು ಹೇಳುವುದು, ಅವರು ನುಡಿಸುವುದು ಎಂದು ಮಾತಾಯಿತು. ಮನೆಯಲ್ಲಿ ಏನೆಂದು ಹೇಳಿ ಹೊರಡುವುದು? ದೇವರಾಯನದುರ್ಗದ ಬೆಟ್ಟಕ್ಕೆ ಹೋಗಿಬರುತ್ತೇನೆ ಎಂದು ಹೇಳಿದಳು. ಚಿಕ್ಕಪ್ಪ ಒಳ್ಳೆಯವರು. "ಹೋಗ್ಬಾ, ಪ್ರಸಾದ ತಗೊಂಬಾ" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನೇರ ಸತ್ಯಮಂಗಲದ ಕಡೆ ತಿರುಗಿಸಿದೆ. ಹಿಂದಿನಿಂದ ಭುಜ ಹಿಡಿದು ಅಲ್ಲಾಡಿಸಿದಳು. "ಎಲ್ಲಿಗೆ? ಮೊದ್ಲು ಬೆಟ್ಟಕ್ಕೆ ನಡಿ."

"ಚಿಕ್ಕಮ್ಮ, ಅದು ಸುಮ್ನೆ ಮನೇಲಿ ಹೇಳಿದ್ದಲ್ವಾ? ಪ್ರಸಾದ ಇಲ್ಲೇ ಯಾವ್ದಾದ್ರೂ ದೇವಸ್ಥಾನದಲ್ಲಿ ತಗೊಂಡ್ರಾಯ್ತು."

"ದೇವರ ಹೆಸರು ಹೇಳಿ ಬಂದಿದೀನಿ. ಸುಳ್ಳಾಗಬಾರ್ದು ಕಣೇ. ಹಂಗೆ ಹೋಗಿ ಹಿಂಗೆ ಬಂದ್ಬುಡಣ."

ಹಂಗೆ ಹೋಗಿ ಹಿಂಗೆ ಬರಲು ಅದೇನು ಪಕ್ಕದ ಬೀದಿಯೇ? ಭಾನುವಾರ ಬೇರೆ. ಬೆಟ್ಟದ ದಾರಿಯುದ್ದಕ್ಕೂ ಕಾರು, ಮೇಲೆ ಹೋದರೆ ಮಾರುದ್ದದ ಸಾಲು, ಹಣ್ಣುಕಾಯಿ ಕಸಿಯಲು ಕಾದಿರುವ ಕೋತಿಗಳು. ಅವಳು ಯಾವುದನ್ನೂ ಬಿಡಲಿಲ್ಲ. ಪ್ರದಕ್ಷಿಣೆ ಬಂದು, ತೀರ್ಥ ತೆಗೆದುಕೊಂಡು, ಕೈಮುಗಿದು ಬಹಳ ಹೊತ್ತು ನಿಂತಳು. ನಾನು ಗಡಿಯಾರ ನೋಡುತ್ತ ಹಲ್ಲು ಕಡಿಯುತ್ತಿದ್ದೆ. ಸತ್ಯಮಂಗಲ ಮುಟ್ಟುವಾಗ ಮಧ್ಯಾಹ್ನ ಮುಕ್ಕಾಲು ಕಳೆದಿತ್ತು. ಸಂಜೆಯ ಕಾಫಿ ಹೊತ್ತಿಗೆ ಅವಳು ಮನೆಯಲ್ಲಿರಬೇಕಿತ್ತು.

ಶೆಡ್ಡಿನ ಬಾಗಿಲಲ್ಲಿ ಅವಳು ನಿಂತುಬಿಟ್ಟಳು. ತಗಡಿನ ಮಾಡು, ನೆಲದ ತುಂಬ ವೈರು, ಗ್ರೀಸಿನ ವಾಸನೆ, ಮೂಲೆಯಲ್ಲಿ ಲೇತ್. "ಅಯ್ಯೋ, ಕಾರ್ಖಾನೆ ವಿಡಿಯೋ!" ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹುಡುಗರು ಮೊದಲು ತಮ್ಮದೊಂದು ಹಾಡು ನುಡಿಸಿದರು. ಅಷ್ಟು ಸದ್ದನ್ನು ಎದುರಿಗೆ ಕೂತು ಅವಳು ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಎದ್ದು ಹೋಗಿ ತಗಡಿನ ಗೋಡೆಗೆ ಬೆನ್ನು ಒರಗಿಸಿ ನಿಂತು ಕಣ್ಣು ಮುಚ್ಚಿದಳು. ಅವಳ ಮುಖ ಅವತ್ತು ಎಷ್ಟು ಚೆನ್ನಾಗಿತ್ತೆಂದು ನನಗೆ ಬರೆದು ತೋರಿಸಲು ಬರುವುದಿಲ್ಲ.

ಆಮೇಲೆ ಚಪ್ಪಲಿ ಬಿಟ್ಟು, ಕಾಲು ಮುಂದೆ ಚಾಚಿ, ಕಾಲುಂಗುರದಿಂದ ನೆಲಕ್ಕೆ ತಟ್ಟಿ ತೋರಿಸಿದಳು. ಡ್ರಮ್ಸ್ ಹುಡುಗ ಬಗ್ಗಿ ಅವಳ ಕಾಲನ್ನೇ ನೋಡುತ್ತ ತಾಳ ಹಿಡಿದುಕೊಂಡ. "ಹ್ಞೂಂ, ಹಂಗೇ. ಇನ್ನೂ ಕೋಪ ಬೇಕು ಕಣಪ್ಪ. ಅಲ್ಲಿ ಖಾಲಿ ಬಿಡ್ಬೇಕು... ಬಿಟ್ಟು, ಆಮೇಲ್ ಹೊಡೀ." ಅವನು ಬಿಟ್ಟು, ಹೊಡೆದ. "ಇದೇ! ಇದೇಯ!" ಎಂದು ಚಪ್ಪಾಳೆ ತಟ್ಟಿದಳು. ಗಿಟಾರ್ ಹುಡುಗ ತಂತಿ ಸರಿಮಾಡಿಕೊಂಡು "ಈಗ ನಂದು ಹೇಳಿ ಆಂಟಿ" ಎಂದ. ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಚಿಕ್ಕಪ್ಪ. ಅತ್ತೆಗೆ ತಲೆಸುತ್ತು ಬಂದಿದೆ, ಯಾವ ಮಾತ್ರೆ ಕೊಡಲಿ ಎಂದು ಕೇಳುತ್ತಿದ್ದರು.

ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಎರಡು ನಿಮಿಷ, ಗುನುಗಿ ಹೋಗು ಎಂದು ಅಂಗಲಾಚಿದೆ. "ಅವಸರದಲ್ಲಿ ಹೇಳಂಥದ್ದಲ್ಲ ಕಣೇ ಅದು. ಬರೀ ಕಾಲಿಂದು ಹೇಳಿದೀನಿ, ಕೈದು ಹಂಗೇ ಐತೆ. ಇನ್ನೊಂದ್ ಭಾನುವಾರ ಬರ್ತೀನಿ" ಎಂದು ಪ್ರಸಾದದ ಪೊಟ್ಟಣ ಬಿಚ್ಚಿ ಹುಡುಗರಿಗೂ ಕೊಟ್ಟು ಹೊರಟಳು.

ಆ ಭಾನುವಾರ ಬರಲಿಲ್ಲ. ಅವಳ ಅತ್ತೆ ಹಾಸಿಗೆ ಹಿಡಿದರು, ಇವಳು ಮನೆ ಬಿಟ್ಟು ಅಲ್ಲಾಡದಂತಾಯಿತು. ಫೋನಿನಲ್ಲಿ ಹೇಳು ಎಂದರೆ "ಫೋನಲ್ಲಿ ಚೆನ್ನಾಗಿರಲ್ಲ, ಬರ್ತೀನಲ್ಲ" ಎನ್ನುತ್ತಿದ್ದಳು. ಒಂದು ಬೆಳಗ್ಗೆ ಹಾಲು ಕಾಯಿಸುತ್ತಿದ್ದವಳು ಅಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಕಾರ್ಯಗಳೆಲ್ಲ ಮುಗಿದ ಮರುದಿನ ನಾನು ಆ ನಡುಮನೆಯಲ್ಲಿ ಕೂತಿದ್ದೆ. ಮಂಚದ ಮೇಲಿದ್ದ ಅಜ್ಜಿ, ಮನೆ ಬಿಕೋ ಅನ್ನುತ್ತಿದೆ, ಟೀವಿ ಹಾಕು ಎಂದರು. ಹಾಕಿ, ಅಭ್ಯಾಸಬಲದಿಂದ ಸೌಂಡ್ ಇಳಿಸಿದೆ.

"ಜೋರಾಗಿಡಮ್ಮ" ಎಂದರು ಅಜ್ಜಿ, ಪರದೆಯ ಮೇಲೆ ಗೆರೆ ಇಳಿದದ್ದನ್ನು ನೋಡಿ. "ನಂಗೆ ಕಿವಿ ಹೋಗಿ ಎಷ್ಟೋ ಕಾಲ ಆಯ್ತು. ನೀ ಎಷ್ಟ್ ಜೋರಾಗಿಟ್ರೂ ನಂಗೇನೂ ಆಗಲ್ಲ."

ಆ ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಅವರ ಕಿವಿಯ ಹತ್ತಿರ ಹೋಗಿ ಕೂಗಿ ಕೂಗಿ ಮಾತಾಡುತ್ತಿದ್ದವಳು ಚಿಕ್ಕಮ್ಮನೇ. ಆದರೂ ಟೀವಿಯ ಸೌಂಡ್ ಏರಿಸಬಹುದು ಎಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಡ್ರಮ್ಸ್ ಹುಡುಗ ಆ ತಾಳವನ್ನು ಮರೆತಿರಲಿಲ್ಲ. ಸುದ್ದಿ ಕೇಳಿದ ಮೇಲೆ ಅದೇ ಶೆಡ್ಡಿನಲ್ಲಿ, ಅದೇ ವೈರುಗಳ ನಡುವೆ ಕೂತು ಬಾರಿಸಿ, ವಿಡಿಯೋ ಮಾಡಿ ಕಳಿಸಿದ. ಪಕ್ಕದಲ್ಲಿ ಗಿಟಾರ್ ಹುಡುಗ ಸುಮ್ಮನೆ ನಿಂತಿದ್ದಾನೆ. ಅವನು ಏನು ನುಡಿಸಬೇಕೆಂದು ಯಾರಿಗೂ ಗೊತ್ತಿಲ್ಲ. ಆಗಾಗ ನಾನು ಅದನ್ನು ಸೌಂಡ್ ಸೊನ್ನೆಗಿಟ್ಟು ನೋಡುತ್ತೇನೆ. ಭುಜ ಏಳುತ್ತದೆ, ಕೋಲು ಇಳಿಯುತ್ತದೆ, ಅವಳ ಕಾಲುಂಗುರ ಟಿಕ್ ಅನ್ನುವುದು ಕೇಳುತ್ತದೆ. ಕಣ್ಣು ಮಿಟುಕಿಸದೆ ಆ ಗಿಟಾರ್ ಹುಡುಗನ ಕೈಯನ್ನೇ ನೋಡುತ್ತ ಕಾಯುತ್ತೇನೆ. ಮುಂದಿನದು ಕೇಳಿಸುವುದಿಲ್ಲ.